ಸಾಯಿಸೋಕೆ ಒಂದು ಟ್ವೀಟ್ ಸಾಕು, ಬದುಕಿರೋಕೆ ಹೆಬ್ಬೆಟ್ಟು ಬೇಕು

ನಮ್ಮ ದೇಶದಲ್ಲಿ ಬದುಕಿರೋನು ಬದುಕಿದ್ದೀನಿ ಅಂತ ಪ್ರೂವ್ ಮಾಡೋದು ಸುಮ್ನೆ ಮಾತಲ್ಲ. ಪೆನ್ಷನ್ ತಗೊಳ್ಳೋರನ್ನ ಕೇಳಿ ನೋಡಿ, ನವೆಂಬರ್ ಬಂತು ಅಂದ್ರೆ ಲೈಫ್ ಸರ್ಟಿಫಿಕೇಟ್ ಕೊಡ್ಬೇಕು, ಕ್ಲರ್ಕ್ ಎದುರಿಗೇ ಕೂತು ಕೆಮ್ತಾ ಇದ್ರೂ ಮೆಷಿನ್‌ಗೆ ಹೆಬ್ಬೆಟ್ಟು ಹೊಂದಲಿಲ್ಲ ಅಂದ್ರೆ ಒಪ್ಪಲ್ಲ, ‘ಅಜ್ಜಾ, ಬೆರಳು ಒರೆಸ್ಕೊಂಡು ಇನ್ನೊಂದ್ಸಲ ಒತ್ತಿ’ ಅಂತಾರೆ. ಸತ್ತೋರದ್ದೂ ಅಷ್ಟೇ ಕಥೆ. 21 ದಿನದೊಳಗೆ ರಿಜಿಸ್ಟರ್ ಮಾಡಿಸ್ಬೇಕು, ಆಸ್ಪತ್ರೆ ಚೀಟಿ, ಆಧಾರ್ ಜೆರಾಕ್ಸ್, ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆರ್ಡರ್. ಇದ್ಯಾವ ತಾಪತ್ರಯನೂ ಇಲ್ದೆ ಐದೇ ನಿಮಿಷಕ್ಕೆ ಮನುಷ್ಯನ್ನ ಮೇಲಕ್ಕೆ ಕಳಿಸೋ ಸಿಂಗಲ್ ವಿಂಡೋ ಅಂದ್ರೆ ನಮ್ಮ ನ್ಯೂಸ್ ಡೆಸ್ಕ್ ಒಂದೇ.

2023ರ ಸೆಪ್ಟೆಂಬರ್ 6 ನೆನಪಿದ್ಯಾ? ಅವತ್ತು ನಮ್ಮ ರಮ್ಯಾ ಅವ್ರಿಗೆ ಹಾರ್ಟ್ ಅಟ್ಯಾಕ್ ಮಾಡ್ಸಿ ಸಾಯಿಸಿಬಿಟ್ರು. ಯಾರೋ ಟ್ವೀಟ್ ಮಾಡಿದ್ರು, ಅದನ್ನ ನೋಡಿ ಇನ್ಯಾರೋ ಸುದ್ದಿ ಮಾಡಿದ್ರು, ಆ ಸುದ್ದಿ ನೋಡಿ ಮತ್ತೊಬ್ರು ‘ಮೂಲಗಳ ಪ್ರಕಾರ’ ಅಂದ್ರು. ಅವ್ರು ನೋಡಿದ್ರೆ ಜಿನೀವಾದಲ್ಲಿ ಆರಾಮಾಗಿದ್ರು. ಕೊನೆಗೆ ಬೋಫೋರ್ಸ್ ಹಗರಣ ಬಯಲಿಗೆಳೆದ ಪತ್ರಕರ್ತೆ ಚಿತ್ರಾ ಸುಬ್ರಮಣ್ಯಂ ಅವ್ರು, ಈಗಷ್ಟೇ ರಮ್ಯಾ ಜೊತೆ ಮಾತಾಡ್ದೆ, ಚೆನ್ನಾಗಿದ್ದಾರೆ ಅಂತ ಬರೀಬೇಕಾಯ್ತು. ಗಮನಿಸಿ, ಅವ್ರು ಮಾಡಿದ ತನಿಖೆ ಇಷ್ಟೇ: ಸತ್ತೋಗಿದ್ದಾರೆ ಅಂತಿದ್ದೋರನ್ನೇ ಮಾತಾಡ್ಸಿದ್ದು.

ಡೆಸ್ಕಲ್ಲಿ ಇದು ಹೆಂಗೆ ನಡೆಯುತ್ತೆ ಅಂತ ಊಹಿಸೋಕೇನೂ ಕಷ್ಟ ಇಲ್ಲ. ಹುಡುಗ ಮೊಬೈಲ್ ಹಿಡ್ಕೊಂಡು ಓಡಿ ಬರ್ತಾನೆ, ‘ಸಾರ್, ಎಕ್ಸಲ್ಲಿ ಬಂದಿದೆ.’ ‘ಬೇರೆ ಚಾನೆಲ್‌ನೋರು ಹಾಕಿದ್ರೇನೋ?’ ‘ಒಬ್ರು ಹಾಕವ್ರೆ ಸಾರ್.’ ‘ಮತ್ತೆ ನನ್ ಮುಖ ಏನ್ ನೋಡ್ತೀಯ, ಹೊಡಿ ಬ್ರೇಕಿಂಗ್.’ ‘ಮನೆಯೋರಿಗೆ ಒಂದು ಫೋನ್ ಮಾಡಿ ಕನ್ಫರ್ಮ್...’ ‘ನೀನು ಕನ್ಫರ್ಮ್ ಮಾಡ್ತಾ ಕೂತಿರು, ಅಷ್ಟೊತ್ತಿಗೆ ಅವ್ನು ಅಂತ್ಯಕ್ರಿಯೆ ಲೈವ್ ಕೊಡ್ತಾನೆ!’ ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತಿದ್ರು ಹಿಂದಿನೋರು, ಈಗ ಕರುದು ಬೈಟ್ ತಗೊಂಡು ಬಾ ಅಂತಾರೆ.

ಇನ್ನು ಸ್ಕ್ರೀನ್ ಕೆಳಗೆ ಇರುವೆ ಸಾಲಿನ ಥರ ಒಂದು ಲೈನ್ ಹರಿಯುತ್ತಲ್ಲ, ‘ಈ ವಿಡಿಯೋದ ಸತ್ಯಾಸತ್ಯತೆಯನ್ನು ನಮ್ಮ ವಾಹಿನಿ ದೃಢಪಡಿಸುವುದಿಲ್ಲ’ ಅಂತ, ಅದನ್ನ ಓದಿದಾಗೆಲ್ಲ ಮೈ ಉರಿಯುತ್ತೆ. ಸ್ವಾಮಿ, ದೃಢಪಡಿಸೋದು ಬಿಟ್ರೆ ನಿಮ್ಗೆ ಇನ್ನೇನ್ರೀ ಕೆಲಸ? ವಿಡಿಯೋ ನಮ್ ಫೋನಲ್ಲೂ ಇದೆ, ನಮ್ ಷಡ್ಡಕ ಬೆಳಿಗ್ಗೆನೇ ಫ್ಯಾಮಿಲಿ ಗ್ರೂಪಿಗೆ ಹಾಕಿದಾನೆ, ಅದೂ ಕಿರುಚಾಟ ಇಲ್ದೆ, ಜಾಹೀರಾತು ಇಲ್ದೆ. ಅವನೂ ಸತ್ಯಾಸತ್ಯತೆ ದೃಢಪಡಿಸಲ್ಲ, ಹಾಗಂತ ಅವನಿಗೆ ಸ್ಯಾಟಲೈಟ್ ವ್ಯಾನ್ ಕೊಡ್ಸಕ್ಕಾಗುತ್ತಾ?

2024ರ ಫೆಬ್ರವರಿಯಲ್ಲಿ ನಟಿ ಪೂನಂ ಪಾಂಡೆ ಸತ್ತ ಸುದ್ದಿ ಅವ್ರದ್ದೇ ಇನ್‌ಸ್ಟಾಗ್ರಾಂ ಅಕೌಂಟಲ್ಲಿ ಬಂತು. ಯಾವ ಆಸ್ಪತ್ರೆ, ಯಾವ ಡಾಕ್ಟ್ರು ಅಂತ ಕೇಳೋಕೆ ಮುಂಚೆನೇ ಶ್ರದ್ಧಾಂಜಲಿ ಮುಗಿದಿತ್ತು, ಮರುದಿನ ಅವ್ರೇ ಬಂದು ಇದು ಕ್ಯಾನ್ಸರ್ ಜಾಗೃತಿ ಅಂದ್ರು, ಆಗ ಚಾನೆಲ್‌ಗಳಿಗೆ ಬಂತು ನೋಡಿ ಕೋಪ, ನಮ್ಗೇ ಮೋಸ ಮಾಡಿದ್ರು ಅಂತ! ಧರ್ಮೇಂದ್ರ ಅವರದ್ದು ಮಾತ್ರ ನಗೋ ವಿಷಯ ಅಲ್ಲ. 2025ರ ನವೆಂಬರ್ 11ಕ್ಕೆ ಹೋಗ್ಬಿಟ್ರು ಅಂತ ಹಾಕಿದ್ರು, ಆಸ್ಪತ್ರೆ ಚಿಂತೆ ಮಧ್ಯೆ ಹೆಂಡ್ತಿ ಹೇಮಾ ಮಾಲಿನಿ, ಮಗಳು ಇಶಾ ಇಬ್ರೂ, ಅವ್ರು ಬದುಕಿದ್ದಾರೆ ಅಂತ ಹೇಳ್ಬೇಕಾಯ್ತು. ಅವ್ರು ನಿಜವಾಗ್ಲೂ ತೀರ್ಕೊಂಡಿದ್ದು 24ಕ್ಕೆ. 13 ದಿನ ಕಾಯೋ ತಾಳ್ಮೆ ಹೋಗ್ಲಿ, 13 ನಿಮಿಷದ್ದೂ ಇರ್ಲಿಲ್ಲ.

ಮನುಷ್ಯರನ್ನ ಸಾಯ್ಸಿ ಬೋರ್ ಆಯ್ತೇನೋ, 2025ರ ಮೇ ತಿಂಗಳಲ್ಲಿ ಬಂದರಿಗೇ ಕೈ ಹಾಕಿದ್ರು. ಆಪರೇಷನ್ ಸಿಂಧೂರ ಟೈಮಲ್ಲಿ ಒಂದು ರಾತ್ರಿ ಕರಾಚಿ ಬಂದರು ಧ್ವಂಸ, ಇಸ್ಲಾಮಾಬಾದ್ ವಶ, ಅಲ್ಲಿನ ಸೇನಾ ಮುಖ್ಯಸ್ಥ ಅರೆಸ್ಟ್, ಬೆಳಗಾಗೋದ್ರೊಳಗೆ ಸ್ಟುಡಿಯೋದಲ್ಲಿ ಯುದ್ಧ ಗೆದ್ದೂ ಆಗಿತ್ತು. ಬಂದರಿನ ಎಕ್ಸ್ ಅಕೌಂಟಲ್ಲೂ ಹಾನಿಯಾಗಿದೆ ಅಂತ ಪೋಸ್ಟ್ ಬಂತು, ಆಮೇಲೆ ನೋಡಿದ್ರೆ ಅಕೌಂಟೇ ಹ್ಯಾಕ್ ಆಗಿತ್ತಂತೆ, ಕೆಲಸ ಮಾಮೂಲಿ ನಡೀತಿದೆ ಅಂತ ಅವ್ರು ಹೇಳಿದ್ರು. ಪೆನ್ಷನ್ ಬರದಿರೋ ಬಂದರೂ ಲೈಫ್ ಸರ್ಟಿಫಿಕೇಟ್ ಕೊಡೋ ಹಾಗಾಯ್ತು. ಹಿನ್ನೆಲೆಯಲ್ಲಿ ಕುಯ್ಯೋ ಅಂತ ಸೈರನ್ ಬೇರೆ, ಅದನ್ನ ಟಿವಿಲಿ ಹಾಕ್ಬೇಡ್ರಪ್ಪಾ ಅಂತ ಕೇಂದ್ರ ಸರ್ಕಾರನೇ ಸೂಚನೆ ಹೊರಡಿಸ್ಬೇಕಾಯ್ತು.

ಇದ್ರಲ್ಲೆಲ್ಲ ನಂಗೆ ಒಬ್ಬನ ಮೇಲೆ ಮಾತ್ರ ಗೌರವ ಇದೆ. 2023ರ ಅಕ್ಟೋಬರ್ 9ಕ್ಕೆ ಕ್ಲಾಡಿಯಾ ಗೋಲ್ಡಿನ್ ಅವ್ರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಮರುದಿನ ಅವ್ರ ಹೆಸರಿನ ಅಕೌಂಟಲ್ಲಿ ಅಮರ್ತ್ಯ ಸೇನ್ ತೀರ್ಕೊಂಡ್ರು ಅಂತ ಪೋಸ್ಟ್. ಪಿಟಿಐ ಅಂಥ ಸುದ್ದಿಸಂಸ್ಥೆನೇ ನಂಬ್ಕೊಂಡು ಹಾಕಿದ್ಮೇಲೆ ಉಳಿದೋರನ್ನ ಕೇಳ್ಬೇಕಾ, ಸಾಲು ಸಾಲಾಗಿ ಸಂತಾಪ. ಮಗಳು ನಂದನಾ ಬಂದು, ಅಪ್ಪ ಚೆನ್ನಾಗೇ ಇದ್ದಾರೆ, ಹಾರ್ವರ್ಡಲ್ಲಿ ಪಾಠ ಮಾಡ್ತಿದ್ದಾರೆ ಅಂದ್ರು. 89 ವರ್ಷದ ಮೇಷ್ಟ್ರು ಹೋಮ್‌ವರ್ಕ್ ಮಾಡ್ತಿದ್ರು, ನಮ್ ಪತ್ರಕರ್ತರೇ ಮಾಡಿರ್ಲಿಲ್ಲ. ಆಮೇಲೆ ಅದೇ ಅಕೌಂಟಲ್ಲಿ ಇನ್ನೊಂದು ಪೋಸ್ಟ್ ಬಂತು, ಈ ಅಕೌಂಟೇ ನಕಲಿ, ಮಾಡಿದ್ದು ಇಟಲಿಯ ಪತ್ರಕರ್ತ ತೊಮಾಸೊ ದೆಬೆನೆದೆತ್ತಿ ಅಂತ. ಮೀಡಿಯಾದೋರು ಎಷ್ಟು ಸಲೀಸಾಗಿ ನಂಬ್ತಾರೆ ಅಂತ ತೋರಿಸ್ತೀನಿ ಅಂದ್ಕೊಂಡು ವರ್ಷಾನುಗಟ್ಟಲೆಯಿಂದ ಹೀಗೆ ಸಾಯಿಸ್ತಾನೇ ಬಂದಿರೋ ಆಸಾಮಿ. ಏನೇ ಅನ್ನಿ, ಸುಳ್ಳು ಹೇಳಿದ್ರೂ ತಿದ್ದುಪಡಿ ಹಾಕ್ದ, ತನ್ನ ಹೆಸರು ಸಮೇತ ಹಾಕ್ದ. ನಮ್ಮ ಡೆಸ್ಕ್ ಆಗಿದ್ರೆ ಮಧ್ಯಾಹ್ನ ಸಾಯ್ಸಿ, ಸಂಜೆ ಫ್ಯಾಕ್ಟ್ ಚೆಕ್ ಪ್ರೋಗ್ರಾಮಲ್ಲಿ ಬದುಕ್ಸಿ, ಎರಡಕ್ಕೂ ಸ್ಪಾನ್ಸರ್ ಹಿಡೀತಿತ್ತು.