"ಹೇಗೂ ಎಲ್ಲಾ ಮುಳುಗುತ್ತೆ" ಅನ್ನೋರ ಲೆಕ್ಕಾಚಾರ

ಷೇರು, ಕ್ರಿಪ್ಟೊ, ಚಿನ್ನ ಅಂತ ಅಲ್ಲಿಷ್ಟು ಇಲ್ಲಿಷ್ಟು ದುಡ್ಡು ಹಾಕಿಟ್ಟಿರುವ ಸಾಮಾನ್ಯ ಜನರ ಜೊತೆ ಸುಮ್ನೆ ಮಾತಿಗೆ ಕೂತು ನೋಡಿ. ಎರಡು ಮಾತು ಬಂದೇ ಬರುತ್ತವೆ. ಒಂದು, "ಎಕಾನಮಿ ಕಥೆ ಮುಗೀತು, ಇವತ್ತಲ್ಲ ನಾಳೆ ಎಲ್ಲಾ ಕುಸಿಯುತ್ತೆ." ಇನ್ನೊಂದು, "ಎಲ್ಲರೂ ಕಳ್ಳರೇ, ನಾನೊಬ್ಬ ಸಾಚಾ ಆಗಿ ಏನ್ ಮಾಡ್ಲಿ?"

ಮೊದಲನೆಯದು ಅರ್ಥಶಾಸ್ತ್ರದ ಮಾತು, ಎರಡನೆಯದು ಬೇಸರದ ಮಾತು ಅನ್ನಿಸುತ್ತೆ ಅಲ್ವಾ? ನನಗೇನೋ ಇವೆರಡೂ ಒಂದೇ ಮಾತಿನ ಎರಡು ತುದಿ ಅನ್ನಿಸುತ್ತದೆ. ಬಹಳ ಜನ ಮೊದಲನೆಯದನ್ನು ಹಿಡಿದುಕೊಳ್ಳುವುದೇ ಎರಡನೆಯದಕ್ಕೆ ಪರ್ಮಿಷನ್ ಸಿಗಲಿ ಅಂತ. ಹೇಗೂ ಮುಳುಗುವ ಹಡಗು ಅಂದಮೇಲೆ ಸಿಕ್ಕಿದ್ದನ್ನು ಬಾಚಿಕೊಂಡರೆ ತಪ್ಪೇನು, ಅಷ್ಟೇ ಲೆಕ್ಕ.

ಈ ನಿರಾಶೆ ಗಾಳಿಯಿಂದ ಹುಟ್ಟಿದ್ದಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿತು. ಮರುದಿನವೇ ಎಐಜಿ ಎಂಬ ವಿಮಾ ಕಂಪನಿಗೆ 8,500 ಕೋಟಿ ಡಾಲರ್ ಸಾಲ ಸಿಕ್ಕಿತು. ಅಕ್ಟೋಬರ್‌ನಲ್ಲಿ ಅಮೆರಿಕದ ಸರ್ಕಾರ ಬ್ಯಾಂಕುಗಳಿಗಾಗಿ 70,000 ಕೋಟಿ ಡಾಲರಿನ ಯೋಜನೆ ಮಾಡಿತು. ಅದೇ ಹೊತ್ತಲ್ಲಿ ಸಾಲ ಕಟ್ಟಲಾಗದ ಲಕ್ಷಾಂತರ ಜನ ಮನೆ ಕಳೆದುಕೊಂಡರು. 2009ರ ಮಾರ್ಚ್‌ನಲ್ಲಿ ಬಂತು ನೋಡಿ ಸುದ್ದಿ: ಜನರ ತೆರಿಗೆ ದುಡ್ಡಿನಿಂದ ಉಸಿರಾಡುತ್ತಿದ್ದ ಅದೇ ಎಐಜಿ ತನ್ನವರಿಗೆ 16.5 ಕೋಟಿ ಡಾಲರ್ ಬೋನಸ್ ಹಂಚುತ್ತಿದೆ ಅಂತ. ಅಮೆರಿಕದ ದೊಡ್ಡ ಬ್ಯಾಂಕುಗಳ ಮುಖ್ಯಸ್ಥರಲ್ಲಿ ಒಬ್ಬರೂ ಜೈಲಿಗೆ ಹೋಗಲಿಲ್ಲ. ಪುಟ್ಟ ಐಸ್‌ಲ್ಯಾಂಡ್ ತನ್ನ ಬ್ಯಾಂಕ್ ಮುಖ್ಯಸ್ಥರನ್ನು ಒಳಗೆ ಹಾಕಿ ತೋರಿಸಿತು, ಅದು ಬೇರೆ ಮಾತು.

ಇದನ್ನೆಲ್ಲಾ ನೋಡಿಕೊಂಡು ದೊಡ್ಡವನಾದ ಹುಡುಗನಿಗೆ "ದುಡಿ, ಉಳಿಸು, ನಂಬು" ಅಂದರೆ ನಗದೆ ಇರುತ್ತಾನಾ? ಕೆಳಗಿನವರಿಗೆ ನೀತಿ ಕೆಡಲು ಪಾಠ ಹೇಳಿಕೊಟ್ಟವರು ಮೇಲಿನವರೇ. ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಪಾಠ ಕಲಿತ ಮೇಲೆ ನಾವೇನು ಮಾಡಿದೆವು? ನನ್ನ ತಕರಾರು ಇರುವುದು ಇಲ್ಲಿ.

2021ರ ಜನವರಿಯ ಗೇಮ್‌ಸ್ಟಾಪ್ ಗಲಾಟೆ ನೆನಪಿರಬೇಕು. ವಿಡಿಯೊ ಗೇಮ್ ಮಾರುವ, ಹೆಚ್ಚುಕಡಿಮೆ ಮುಗಿದೇಹೋಗಿದ್ದ ಒಂದು ಕಂಪನಿ. ಅದು ಬೀಳುತ್ತೆ ಅಂತ ದೊಡ್ಡ ಫಂಡುಗಳು ಶಾರ್ಟ್ ಮಾಡಿ ಕೂತಿದ್ದವು, ಅಂದರೆ ಷೇರನ್ನು ಸಾಲ ತಂದು ಮಾರಿ, ಬೆಲೆ ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ಹಿಂತಿರುಗಿಸಿ ಲಾಭ ಮಾಡುವ ಲೆಕ್ಕ. ಸಣ್ಣ ಹೂಡಿಕೆದಾರರು ಒಟ್ಟಾಗಿ ಕೊಂಡು ಕೊಂಡು ಬೆಲೆ ಏರಿಸಿದರು. ಜನವರಿ 28ರಂದು ಷೇರು 483 ಡಾಲರ್ ಮುಟ್ಟಿತು. ಅವತ್ತೇ ರಾಬಿನ್‌ಹುಡ್ ಎಂಬ ಷೇರು ವಹಿವಾಟಿನ ಆ್ಯಪ್ ಅದನ್ನು ಕೊಳ್ಳುವುದನ್ನು ನಿಲ್ಲಿಸಿತು, ಮಾರುವುದಕ್ಕೆ ಮಾತ್ರ ಬಿಟ್ಟಿತು. ವಹಿವಾಟಿನ ಲೆಕ್ಕ ಚುಕ್ತಾ ಮಾಡುವ ಕ್ಲಿಯರಿಂಗ್ ಸಂಸ್ಥೆ ಬೆಳಗಾಗುವ ಮೊದಲೇ ಸುಮಾರು 300 ಕೋಟಿ ಡಾಲರ್ ಠೇವಣಿ ಕೇಳಿತ್ತು, ಅದಕ್ಕೇ ಹಾಗೆ ಮಾಡಬೇಕಾಯಿತು ಅಂತ ಕಂಪನಿ ಆಮೇಲೆ ಹೇಳಿತು. ಯಾರು ಕೇಳಬೇಕು ಅದನ್ನು? "ಆಟವೇ ಮೋಸದ್ದು" ಅನ್ನುವುದಕ್ಕೆ ಕಣ್ಣೆದುರೇ ಸಾಕ್ಷಿ ಸಿಕ್ಕಿತ್ತು.

ಫೆಬ್ರವರಿ 2ರ ಹೊತ್ತಿಗೆ ಅದೇ ಷೇರು 90 ಡಾಲರಿಗೆ ಬಂದಿತ್ತು. ಯಾರೋ ಮಾರಿದ್ದಕ್ಕೇ ತಾನೇ ಅದು ಬಿದ್ದದ್ದು? ಫಂಡುಗಳೂ ಮಾರಿದವು, ನಿಜ. ಆದರೆ "ಅಣ್ಣತಮ್ಮಂದಿರೇ, ಯಾರೂ ಮಾರಬೇಡಿ, ಗಟ್ಟಿಯಾಗಿ ಹಿಡಿದುಕೊಳ್ಳಿ" ಅಂತ ಕೂಗುತ್ತಲೇ ಇನ್ನೊಂದು ಕೈಯಲ್ಲಿ ಸೆಲ್ ಬಟನ್ ಒತ್ತಿದವರು ಇರಲಿಲ್ಲವೇ? 300, 400ಕ್ಕೆ ಕೊಂಡವನು ಯಾವ ಕೋಟ್ಯಧಿಪತಿಯೂ ಅಲ್ಲ. ಕೊನೆಗೆ ಬಂದ ಇನ್ನೊಬ್ಬ ಸಣ್ಣ ಮನುಷ್ಯ. ದೊಡ್ಡವರ ವಿರುದ್ಧ ಕ್ರಾಂತಿ ಅಂತ ಶುರುವಾದದ್ದರ ಬಿಲ್ ಅವನು ಕಟ್ಟಿದ.

ನನಗೆ ಗೊತ್ತಿರುವ ಒಬ್ಬರ ವಿಷಯ ಹೇಳುತ್ತೇನೆ. 2022ರ ಮೇ ತಿಂಗಳಲ್ಲಿ ಲೂನಾ ಅನ್ನುವ ಕ್ರಿಪ್ಟೊ ನಾಣ್ಯ ಮುಳುಗಿತಲ್ಲ, ತಿಂಗಳ ಶುರುವಿನಲ್ಲಿ 80 ಡಾಲರ್ ಆಸುಪಾಸು ಇದ್ದದ್ದು ಎರಡು ವಾರ ಆಗುವಷ್ಟರಲ್ಲಿ ಒಂದು ಸೆಂಟಿಗಿಂತ ಕೆಳಗೆ. ಇವರಿಗೆ ಅದರಿಂದ ಏನೂ ಆಗಿರಲಿಲ್ಲ. "ಇದು ಡಬ್ಬಾ ಅಂತ ನನಗೆ ಮೊದಲಿಂದಲೂ ಗೊತ್ತಿತ್ತು, ಸರಿಯಾದ ಟೈಮಿಗೆ ಎಕ್ಸಿಟ್ ಆದೆ" ಅಂತ ಬೀಗುತ್ತಿದ್ದರು. ಪಕ್ಕದಲ್ಲಿ ಅವರ ಬಾಮೈದ ಕೂತಿದ್ದ. ಅವನಿಗೆ ಲೂನಾ ಹುಚ್ಚು ಹಿಡಿಸಿದವರೇ ಇವರು. ಅಕೌಂಟ್ ತೆರೆದುಕೊಟ್ಟವರೂ ಇವರೇ. "ಭಾವ, ನೀವು ಮಾರಿದಾಗ ನನಗೊಂದು ಮಾತು ಹೇಳಬಹುದಿತ್ತು" ಅಂದ ಅವನು, ಮೆಲ್ಲಗೆ. ಇವರ ಉತ್ತರ ಈಗಲೂ ಕಿವಿಯಲ್ಲಿದೆ. "ಮಾರ್ಕೆಟ್‌ನಲ್ಲಿ ಯಾರು ಯಾರಿಗೆ ಹೇಳ್ತಾರಪ್ಪಾ? ನಿನ್ನ ರಿಸರ್ಚ್ ನೀನು ಮಾಡ್ಬೇಕು."

ಈ ಮಾತಿನಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಡಬ್ಬಾ ಅಂತ ಗೊತ್ತಿದ್ದೂ ಬಾಮೈದನಿಗೆ ತೋರಿಸಿದ್ದು ಮಾತ್ರ ನನಗೆ ಇಂದಿಗೂ ಜೀರ್ಣವಾಗಿಲ್ಲ. ಹತ್ತು ವರ್ಷದ ಹಿಂದೆ ಇದೇ ಮನುಷ್ಯ ಹಳೇ ಬೈಕ್ ಮಾರುವಾಗ ಕ್ಲಚ್ ಸರಿ ಇಲ್ಲ ಅಂತ ಕೊಳ್ಳುವವನಿಗೆ ಮುಂಚೆಯೇ ಹೇಳಿದ್ದರು. ನಾಚಿಕೆ ಅನ್ನೋದು ಅವರಿಗೆ ಇರಲಿಲ್ಲ ಅಂತೇನಲ್ಲ. ಷೇರು, ನಾಣ್ಯ ಅಂದಾಗ ಮಾತ್ರ ಅದು ಎಲ್ಲಿಗೋ ಹೋಗಿಬಿಡುತ್ತದೆ. ಯಾಕೆಂದರೆ ಕೊಳ್ಳುವವನ ಮುಖ ಕಾಣುವುದಿಲ್ಲ. ಕಂಡರೂ "ಇಡೀ ವ್ಯವಸ್ಥೆಯೇ ಹೀಗೆ" ಅನ್ನುವ ಮಾತು ರೆಡಿ ಇರುತ್ತದೆ.

ಇನ್ನೊಂದು ಥರದವರು ಇದ್ದಾರೆ, ಕೆಟ್ಟ ಸುದ್ದಿಗೆ ಕಾಯುವವರು. ಮೆಟಾ ಕಂಪನಿ 2022ರ ನವೆಂಬರ್‌ನಲ್ಲಿ 11,000 ಜನರನ್ನು ಮನೆಗೆ ಕಳಿಸಿತು. 2023ರ ಫೆಬ್ರವರಿಯಲ್ಲಿ ಜುಕರ್‌ಬರ್ಗ್ "ಇದು ದಕ್ಷತೆಯ ವರ್ಷ" ಅಂತ ಘೋಷಿಸಿದರು, ಜೊತೆಗೆ 4,000 ಕೋಟಿ ಡಾಲರಿನ ಷೇರು ಬೈಬ್ಯಾಕ್ (ಕಂಪನಿ ತನ್ನದೇ ಷೇರು ವಾಪಸ್ ಕೊಳ್ಳುವುದು) ಬೇರೆ. ಒಂದೇ ದಿನಕ್ಕೆ ಷೇರು ಶೇ. 23 ಏರಿತು. ಮಾರ್ಚ್‌ನಲ್ಲಿ ಇನ್ನೂ 10,000 ಜನರನ್ನು ತೆಗೆಯುತ್ತೇವೆ ಅಂದರು, ಮತ್ತೆ ಏರಿತು. ಆ ದಿನ ನನ್ನ ಗೆಳೆಯನೊಬ್ಬ ಫೋನ್ ಎತ್ತಿ ಮುಖಕ್ಕೆ ಹಿಡಿದ. ಪರದೆ ತುಂಬಾ ಹಸಿರು. "ನೋಡೋ, ಹತ್ತು ಸಾವಿರ ತಲೆ! ಇನ್ನೊಂದು ರೌಂಡ್ ತೆಗೆದ್ರೆ ಇನ್ನೂ ಮೇಲೆ ಹೋಗುತ್ತೆ" ಅಂದ. ಅವನೂ ಐಟಿಯವನೇ. ಅವನ ಕಂಪನಿಯಲ್ಲೂ ಅದೇ ವಾರ ಪಟ್ಟಿ ಬರುತ್ತೆ ಅಂತ ಗುಸುಗುಸು ನಡೆದಿತ್ತು, ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ಅವನೇ ಹೇಳಿಕೊಂಡಿದ್ದ. ಎರಡೂ ಅವನೇ. ನಿದ್ದೆ ಬಾರದವನೂ ಅವನೇ, "ತಲೆ" ಎಣಿಸಿದವನೂ ಅವನೇ.

ಯುದ್ಧ ಶುರುವಾದರೂ ಇದೇ ಕಥೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿತು. 27ಕ್ಕೆ ಜರ್ಮನಿ ಸೇನೆಗೆ 10,000 ಕೋಟಿ ಯುರೊ ಕೊಡುತ್ತೇವೆ ಅಂದಿತು. 28ಕ್ಕೆ ಅಲ್ಲಿನ ಶಸ್ತ್ರಾಸ್ತ್ರ ಕಂಪನಿ ರೈನ್‌ಮೆಟಾಲ್ ಷೇರು ಜಿಗಿಯಿತು. ಜನ ನಿರಾಶ್ರಿತರ ಫೋಟೊ ಹಂಚುತ್ತಲೇ "ಡಿಫೆನ್ಸ್‌ನಲ್ಲಿ ಯಾವುದು ಕೊಳ್ಳಬಹುದು" ಅಂತಲೂ ಕೇಳುತ್ತಿದ್ದರು. ಶಸ್ತ್ರಾಸ್ತ್ರ ಕಂಪನಿಯ ಷೇರು ಇಟ್ಟುಕೊಳ್ಳುವುದೇ ಪಾಪ ಅಂತ ನಾನು ಹೇಳುವುದಿಲ್ಲ. ದಾಳಿಗೆ ಒಳಗಾದ ದೇಶಕ್ಕೂ ಆಯುಧ ಬೇಕು. ಯುದ್ಧ ಬೇಗ ನಿಂತರೆ ನನಗೆ ನಷ್ಟ ಅಂತ ಒಳಗೊಳಗೇ ಚಡಪಡಿಸುವ ಸ್ಥಿತಿಗೆ ಬರ್ತೀವಲ್ಲ, ನಾನು ಹೇಳುತ್ತಿರುವುದು ಅದನ್ನು. ಉರಿಯುವ ಮನೆಯ ಗಳ ಹಿರಿಯುವವರನ್ನು ಹಿಂದೆ ಜನ ಛೀ ಅನ್ನುತ್ತಿದ್ದರು. ಈಗ ಅಂಥವರ ಹತ್ತಿರ ಟಿಪ್ಸ್ ಕೇಳುತ್ತಾರೆ.

ಇಷ್ಟು ಹೇಳಿದಾಗ ಒಬ್ಬರು ಜಗಳಕ್ಕೇ ಬಂದರು. "ಹಾಗಾದ್ರೆ ಬೀಳುತ್ತೆ ಅಂತ ಹೇಳೋದೇ ತಪ್ಪಾ? ಎಲ್ಲರೂ ಭಜನೆ ಮಾಡ್ಬೇಕಾ?" ಅಂತ. ಖಂಡಿತ ಇಲ್ಲ. ಸರಿಯಾದ ನಿರಾಶಾವಾದಿಗಳ ಮೇಲೆ ನನಗೆ ತುಂಬಾ ಗೌರವ ಇದೆ. ಶಾರ್ಟ್ ಮಾಡುವುದರಲ್ಲೇ ಹೆಸರಾದ ಅಮೆರಿಕದ ಹೂಡಿಕೆದಾರ ಜಿಮ್ ಚೇನೋಸ್ 2000ದಲ್ಲಿ ಎನ್ರಾನ್ ಎಂಬ ಇಂಧನ ಕಂಪನಿಯ ಲೆಕ್ಕಪತ್ರ ಕೂತು ಓದಿದರು. ಲಾಭ ತೋರಿಸುವ ರೀತಿಯೇ ಅವರಿಗೆ ಸರಿಕಾಣಲಿಲ್ಲ, ಶಾರ್ಟ್ ಮಾಡಿದರು. 2001ರ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿ. ಜರ್ಮನಿಯ ಹಣ ಪಾವತಿ ಕಂಪನಿ ವೈರ್‌ಕಾರ್ಡ್ ಕಥೆ ಇನ್ನೂ ಮಜವಾಗಿದೆ. ಅದರ ಲೆಕ್ಕದ ಮೇಲೆ ಪತ್ರಕರ್ತರು, ಶಾರ್ಟ್ ಸೆಲ್ಲರ್‌ಗಳು ಅನುಮಾನ ಎತ್ತಿದಾಗ 2019ರ ಫೆಬ್ರವರಿಯಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಆ ಷೇರನ್ನು ಶಾರ್ಟ್ ಮಾಡುವುದನ್ನೇ ಎರಡು ತಿಂಗಳು ನಿಷೇಧಿಸಿತು. ಅಷ್ಟು ಸಾಲದು ಅಂತ ಫೈನಾನ್ಷಿಯಲ್ ಟೈಮ್ಸ್‌ನ ಪತ್ರಕರ್ತರ ಮೇಲೇ ದೂರು ಕೊಟ್ಟಿತು! 2020ರ ಜೂನ್‌ನಲ್ಲಿ ಗೊತ್ತಾಯಿತು, ಪುಸ್ತಕದಲ್ಲಿದ್ದ 190 ಕೋಟಿ ಯುರೊ ಎಲ್ಲೂ ಇಲ್ಲ ಅಂತ.

ಇವರದ್ದೂ ನಿರಾಶೆಯೇ. ಆದರೆ ಒಂದು ಕಂಪನಿಯ ಬಗ್ಗೆ, ಒಂದು ಲೆಕ್ಕದ ಬಗ್ಗೆ, ಕೂತು ಓದಿ ಗಳಿಸಿಕೊಂಡ ನಿರಾಶೆ. ಎಲ್ಲರೂ ಕಳ್ಳರು ಅಂತ ಅವರು ಹೇಳಲಿಲ್ಲ. ಇಂಥವನು ಕಳ್ಳ, ಇಗೋ ಇಂಥ ಕಡೆ ನೋಡಿ ಅಂತ ಬೆರಳಿಟ್ಟು ತೋರಿಸಿದರು. ಎಲ್ಲರೂ ಕಳ್ಳರು ಅನ್ನುವವನಿಗೆ ಏನನ್ನೂ ಓದುವ ಕೆಲಸವಿಲ್ಲ. ನಿಜವಾದ ಕಳ್ಳನಿಗೆ ಅವನಷ್ಟು ಅನುಕೂಲ ಮಾಡಿಕೊಡುವವನು ಬೇರೆ ಯಾರೂ ಇಲ್ಲ.

ಇನ್ನು "ಎಲ್ಲಾ ಮುಳುಗುತ್ತೆ" ಅನ್ನೋರ ಭವಿಷ್ಯವಾಣಿ. 2022ರ ಜೂನ್‌ನಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಗ್ರಾಹಕರ ವಿಶ್ವಾಸದ ಸೂಚ್ಯಂಕ 50ಕ್ಕೆ ಇಳಿದು ಅದುವರೆಗಿನ ದಾಖಲೆ ಕನಿಷ್ಠ ಮುಟ್ಟಿತು. ಅಂದರೆ 2008ಕ್ಕಿಂತಲೂ ಜಾಸ್ತಿ ನಿರಾಶೆ. ಆಗ ಅಮೆರಿಕದ ನಿರುದ್ಯೋಗ ಶೇ. 3.6 ಮಾತ್ರ ಇತ್ತು. ಬೆಲೆ ಏರಿಕೆ ಜನರನ್ನು ಹಿಂಡಿದ್ದು ಸುಳ್ಳಲ್ಲ. ಆದರೆ ಪ್ರಳಯ ಬರಲಿಲ್ಲ. 2023ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಎಸ್ ಆ್ಯಂಡ್ ಪಿ 500 ಶೇ. 24 ಏರಿತು. ಹಾಗಂತ ಯಾವಾಗಲೂ ಏರುತ್ತೆ ಅಂತಲೂ ಹೇಳುವಂತಿಲ್ಲ. ಜಪಾನಿನ ಷೇರು ಸೂಚ್ಯಂಕ ನಿಕ್ಕೆ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿ ನಿರಾಶಾವಾದಿಯೇ ಗೆದ್ದ.

ಆದರೆ ನಮ್ಮ ನಿರಾಶಾವಾದಿ ದುಡ್ಡು ತೆಗೆದು ಸುಮ್ಮನೆ ಕೂರುವವನಲ್ಲ. ಬೆಳಿಗ್ಗೆ ಕೊಳ್ಳುತ್ತಾನೆ, ಮಧ್ಯಾಹ್ನ ಮಾರುತ್ತಾನೆ, ಭಯ ಬಿದ್ದು ಮತ್ತೆ ಕೊಳ್ಳುತ್ತಾನೆ. ಬಾರ್ಬರ್ ಮತ್ತು ಓಡಿಯನ್ ಎಂಬ ಇಬ್ಬರು ಪ್ರಾಧ್ಯಾಪಕರು 1991ರಿಂದ 1996ರವರೆಗಿನ 66,465 ಕುಟುಂಬಗಳ ಖಾತೆ ತೆಗೆದು ನೋಡಿದ್ದರು. ಅತಿ ಹೆಚ್ಚು ಕೊಂಡು ಮಾರಿದವರಿಗೆ ವರ್ಷಕ್ಕೆ ಸಿಕ್ಕಿದ್ದು ಶೇ. 11.4. ಮಾರುಕಟ್ಟೆ ಕೊಟ್ಟದ್ದು ಶೇ. 17.9. ಆಗ ಪ್ರತಿ ವಹಿವಾಟಿಗೂ ಬ್ರೋಕರೇಜ್ ಹೊಡೆತ ಇತ್ತು. ಈಗ ಹಲವು ಆ್ಯಪ್‌ಗಳಲ್ಲಿ ಅದು ಸೊನ್ನೆ. ಅದಕ್ಕೇ ಕೈ ಇನ್ನೂ ಜಾಸ್ತಿ ಕಡಿಯುತ್ತದೆ. ಸೋತಾಗ "ನಾನು ಆತುರ ಬಿದ್ದೆ" ಅನ್ನುವುದು ಕಷ್ಟ. "ಆಪರೇಟರ್‌ಗಳು (ಬೆಲೆ ಆಡಿಸುವ ದೊಡ್ಡವರು) ನುಂಗಿದರು" ಅನ್ನುವುದು ಸುಲಭ. ಹಾಗೆ ಅಂದಾಗಲೆಲ್ಲಾ ನಿರಾಶೆಗೆ ಇನ್ನೊಂದು ಪುರಾವೆ ಸೇರುತ್ತದೆ, ಮುಂದಿನ ಸಲ ಬೇರೆಯವನ ತಲೆಗೆ ಕಟ್ಟುವುದಕ್ಕೆ ಇನ್ನೊಂದು ಕಾರಣವೂ ಸಿಗುತ್ತದೆ.

ಈಗೀಗ ಯಾರಾದರೂ ಪ್ರಳಯದ ಭಾಷಣ ಶುರುಮಾಡಿದರೆ ನಾನು ವಾದ ಮಾಡುವುದಿಲ್ಲ. "ನಿನ್ನ ದೊಡ್ಡ ಮೊತ್ತ ಎಲ್ಲಿದೆ?" ಅಂತ ಮಾತ್ರ ಕೇಳುತ್ತೇನೆ. ಆ "ತಲೆ" ಎಣಿಸಿದ ಗೆಳೆಯನನ್ನೂ ಕೇಳಿದೆ. ಕರೆನ್ಸಿ ಕಾಗದ ಆಗುತ್ತೆ, ಕಂಪನಿಗಳೆಲ್ಲಾ ಟೊಳ್ಳು, ಹತ್ತು ವರ್ಷದಲ್ಲಿ ಏನೂ ಉಳಿಯಲ್ಲ ಅಂತ ಅರ್ಧ ಗಂಟೆ ಹೇಳಿದವನು ತಡವರಿಸಿದ. ಪ್ರತಿ ತಿಂಗಳೂ ಸೂಚ್ಯಂಕದಲ್ಲಿರುವ ಎಲ್ಲಾ ಕಂಪನಿಗಳ ಷೇರನ್ನೂ ಒಟ್ಟಿಗೆ ಕೊಳ್ಳುವ ಒಂದು ಇಂಡೆಕ್ಸ್ ಫಂಡಿಗೆ ಕಟ್ಟುತ್ತಿದ್ದಾನಂತೆ, ಒಂದು ತಿಂಗಳೂ ತಪ್ಪಿಸಿಲ್ಲವಂತೆ. ಅವಧಿ ಇನ್ನೂ ಹದಿನೈದು ವರ್ಷ.

"ಅದು ಬೇರೆ ಕಣೋ," ಅಂದ. "ಅದು ಮಗಳ ಓದಿಗೆ."