ಎತ್ತು ಈಯಿತು, 24 ಟಿಎಂಸಿ ಕರು ಹಾಕಿತು

ಮುಂಗಾರು ಕರಾವಳಿಗೆ ಕಾಲಿಟ್ಟು ವಾರ ಕಳೆಯುವುದರೊಳಗೆ ಯಾವುದಾದರೊಂದು ವೇದಿಕೆಯಿಂದ ಆ ಮಾತು ಕೇಳಿಬರದಿದ್ದರೆ ಮಳೆಗಾಲ ಬಂದಿದೆಯೆಂದು ನಂಬುವುದೇ ನನಗೆ ಕಷ್ಟವಾಗುತ್ತದೆ: ಸಮುದ್ರಕ್ಕೆ ಹರಿದು ಪೋಲಾಗುವ ನೀರನ್ನು ನಾವು ಬಳಸಿಕೊಂಡರೆ ತಪ್ಪೇನು? ಪಕ್ಷಗಳು ಬದಲಾಗುತ್ತವೆ, ಶಾಲು ಬದಲಾಗುತ್ತದೆ, ಈ ಮಾತು ಮಾತ್ರ ಬದಲಾಗುವುದಿಲ್ಲ. ಹಗಲುಹೊತ್ತಿನಲ್ಲೇ, ಎಲ್ಲರ ಕಣ್ಣೆದುರಿಗೇ, ನಮ್ಮ ಹೊಳೆಗಳ ನೀರನ್ನು ನುಂಗಿ ಕುಳಿತಿರುವ ಅರಬ್ಬೀ ಸಮುದ್ರದ ಮೇಲೆ ಇದುವರೆಗೆ ಒಂದು ಎಫ್‌ಐಆರ್ ಕೂಡ ದಾಖಲಾಗಿಲ್ಲವಲ್ಲ ಎಂಬುದೊಂದೇ ನನ್ನ ಕೊರಗು.

ಪೋಲು ಎಂಬ ಶಬ್ದವನ್ನು ನಾನು ಮೊದಲು ಕಲಿತದ್ದು ಅಜ್ಜಿಯಿಂದ. ಎಲೆಯ ಆಚೆ ನಾಲ್ಕು ಅಗುಳು ಬಿದ್ದರೆ ಪೋಲು, ಹಂಡೆಯ ಬಿಸಿನೀರು ತುಂಬಿ ಚೆಲ್ಲಿದರೆ ಪೋಲು. ಆದರೆ ಅಂಗಳದ ಮಳೆನೀರು ತೋಡಿಗೆ ಹೋದುದನ್ನು ಆಕೆ ಎಂದೂ ಪೋಲು ಎನ್ನಲಿಲ್ಲ. ತೋಡು ಇರುವುದೇ ಹರಿಯುವುದಕ್ಕೆ ಎಂಬಷ್ಟು ತಿಳಿವಳಿಕೆ ಶಾಲೆಗೆ ಹೋಗದ ಆ ಹೆಂಗಸಿಗೆ ಇತ್ತು. ಈಗಿನ ನಿಘಂಟು ಬೇರೆ. ನೂರಾರು ಅಡಿ ಕೆಳಗಿನಿಂದ ಪಂಪಿನಲ್ಲಿ ಎತ್ತಿ ಬೆಂಗಳೂರಿಗೆ ತಂದ ಕಾವೇರಿ ನೀರಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಕೊಳವೆಯ ಸೋರಿಕೆಯಲ್ಲಿ, ಕಳ್ಳ ಸಂಪರ್ಕಗಳಲ್ಲಿ ಮಾಯವಾಗುತ್ತದೆ. ಅದನ್ನು ಯಾರೂ ಪೋಲು ಎನ್ನುವುದಿಲ್ಲ. ಕಡತದಲ್ಲಿ ಅದರ ಹೆಸರು 'ಲೆಕ್ಕಕ್ಕೆ ಸಿಗದ ನೀರು'. ಎಷ್ಟು ಮರ್ಯಾದೆಯ ಹೆಸರು! ನದಿ ತನ್ನ ದಾರಿಯಲ್ಲಿ ತಾನು ಹೋದರೆ ಅಪರಾಧ, ಕೊಳವೆ ಸೋರಿದರೆ ಅಂಕಿಅಂಶ.

ಹೆಸರಿಡುವ ಈ ಕಲೆಯ ಶಿಖರ, ಘಟ್ಟದ ಹಳ್ಳಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಯ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆ. ನೇತ್ರಾವತಿ ತಿರುವು ಎಂದರೆ ಕರಾವಳಿಯವರು ಬೀದಿಗಿಳಿಯುತ್ತಾರೆ. ಆದ್ದರಿಂದ ನೇತ್ರಾವತಿಯನ್ನು ನಾವು ಮುಟ್ಟುವುದೇ ಇಲ್ಲ, ಸಕಲೇಶಪುರದ ಘಟ್ಟದ ನೆತ್ತಿಯಲ್ಲಿ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಕಿರು ಒಡ್ಡು ಕಟ್ಟುತ್ತೇವೆ, ಅಷ್ಟೇ ಎಂದರು. ಈ ಹಳ್ಳಗಳೇ ಗುಂಡ್ಯ ಹೊಳೆಗೆ ಇಳಿದು, ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗುವುದು ಭೂಗೋಳದ ತಪ್ಪೇ ಹೊರತು ಸರ್ಕಾರದ್ದಲ್ಲ. ಇನ್ನು 'ಕುಡಿಯುವ ನೀರಿನ ಯೋಜನೆ' ಎಂದು ಬೋರ್ಡು ಬರೆಸಿದರೆ ಪರಿಸರ ಅನುಮತಿಯ ಗೋಜೂ ಇಲ್ಲ. ಘಟ್ಟ ಅಗೆದರೂ ಸರಿ, ಮರ ಉರುಳಿದರೂ ಸರಿ, ಬಾಯಾರಿದವರಿಗೆ ನೀರು ಕೊಡಬೇಡವೆನ್ನಲು ನೀವು ಯಾರು?

ಲೆಕ್ಕವನ್ನೂ ನೋಡೋಣ. ಆ ಹಳ್ಳಗಳಿಂದ 24 ಟಿಎಂಸಿ ಎತ್ತಬಹುದು ಎಂಬುದು ಯೋಜನೆಯ ವಾದ. ಅಲ್ಲಿ ಸಿಗುವುದೇ ಒಟ್ಟು 9.55 ಟಿಎಂಸಿ, ಅದರಲ್ಲೂ ಬಹುಪಾಲು ಅಲ್ಲಿನ ಜನಕ್ಕೆ, ತೋಟಕ್ಕೆ, ಹೊಳೆಗೇ ಬೇಕು ಎಂಬುದು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂಬ ಗಾದೆಯನ್ನು ಕಟ್ಟಿದ ಹಿರಿಯರಿಗೆ ಈ ಹೊಳೆಯ ಹೆಸರು ಮೊದಲೇ ಗೊತ್ತಿತ್ತೋ ಏನೋ. ನಾವಂತೂ ಕರು ಹುಟ್ಟುವ ಮುಂಚೆಯೇ ಕೊಟ್ಟಿಗೆ ಕಟ್ಟಿಸಿದೆವು. 8,323 ಕೋಟಿ ರೂಪಾಯಿಯ ಅಂದಾಜು 12,912 ಕೋಟಿಯಾಯಿತು, ಆಮೇಲೆ 23,251 ಕೋಟಿಯಾಯಿತು. ಮಳೆ ಕಡಿಮೆಯಾದ ವರ್ಷಗಳಲ್ಲಿಯೂ ಒಳಹರಿವು ನಿಲ್ಲದ ಜಲಾಶಯ ಇದೊಂದೇ.

2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಮೊದಲ ಹಂತದ ಉದ್ಘಾಟನೆ. ಅಂದು ಗೌರಿಹಬ್ಬ. ತವರಿನವರು ಮನೆಮಗಳಿಗೆ ಮೊರದ ಬಾಗಿನ ಕೊಡುವ ಆ ದಿನ ನಾವು ಘಟ್ಟದ ಮಗಳ ಮೊರವನ್ನೇ ಕಿತ್ತುಕೊಂಡು ಬಂದೆವು. ತಂದ ನೀರಾದರೂ ಕೋಲಾರಕ್ಕೆ ಹೋಯಿತೇ? ಮುಂದಿನ ಕಾಲುವೆ ಮುಗಿದಿರಲಿಲ್ಲವಾದ್ದರಿಂದ ಅದನ್ನು ತಾತ್ಕಾಲಿಕವಾಗಿ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರದ ಕಡೆಗೆ ಹರಿಯಬಿಟ್ಟರು.

ಇಲ್ಲಿ ನನಗೆ ನಗು ಬರುವುದಿಲ್ಲ. ಕೋಲಾರದ ಬಾಯಾರಿಕೆ ಸುಳ್ಳಲ್ಲ. ಸಾವಿರ ಅಡಿಗೂ ಹೆಚ್ಚು ಆಳಕ್ಕೆ ಕೊಳವೆಬಾವಿ ಕೊರೆಸಿ, ಬಂದ ನೀರಿನಲ್ಲಿ ಫ್ಲೋರೈಡ್ ಕುಡಿದು, ಹಲ್ಲು ಕಂದಾದ ಮಕ್ಕಳನ್ನು ಶಾಲೆಗೆ ಕಳಿಸುವವರಿಗೆ ಇಷ್ಟು ವರ್ಷ ತೋರಿಸಿದ್ದು ನಕ್ಷೆ ಮಾತ್ರ. ಅವರ ಊರಿನ ಕೆರೆಗಳ ಹೂಳೆತ್ತಿ, ರಾಜಕಾಲುವೆಗಳ ಒತ್ತುವರಿ ಬಿಡಿಸಿದ್ದರೆ ಇಷ್ಟು ಕೋಟಿ ಬೇಕಾಗುತ್ತಿತ್ತೇ? ಬೇಕಾಗುತ್ತಿರಲಿಲ್ಲ, ಹಾಗಾಗಿಯೇ ಅದು ಯಾರಿಗೂ ಬೇಕಾಗಲಿಲ್ಲ. ಆ ಜನರ ದಾಹವನ್ನು ಮುಂದಿಟ್ಟುಕೊಂಡು ಈ ಜನರ ಹೊಳೆಯನ್ನು ಅಗೆದವರಿಗೆ ನಾಚಿಕೆಯಾಗಬೇಕಿತ್ತು.

ಹೆಚ್ಚುವರಿ ನೀರಿನ ನದಿಯ ವೈಭವವನ್ನೂ ಹೇಳಿಬಿಡುತ್ತೇನೆ. 2019ರ ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿ, ಕೆಲವು ದಿನ ಯಾತ್ರೆ ಮುಂದೂಡಿ ಎಂದು ಧರ್ಮಸ್ಥಳದ ಧರ್ಮಾಧಿಕಾರಿಗಳೇ ಭಕ್ತರಲ್ಲಿ ವಿನಂತಿಸಿದರು. ಅದೇ ಬೇಸಿಗೆಯಲ್ಲಿ ತುಂಬೆಯ ಅಣೆಕಟ್ಟನ್ನು ನಂಬಿದ ಮಂಗಳೂರಿನಲ್ಲಿ ನಲ್ಲಿ ನೀರಿಗೆ ಸರದಿ ಬಂತು. ಮಂಜುನಾಥನ ಸನ್ನಿಧಿಯ ಸ್ನಾನಘಟ್ಟಕ್ಕೇ ನೀರಿಲ್ಲದಿದ್ದಾಗ ಸಮುದ್ರಕ್ಕೆ ಪೋಲಾದದ್ದು ಏನೆಂದು ಬಲ್ಲವರು ಹೇಳಬೇಕು.

ಉಪ್ಪಿನಂಗಡಿಯಲ್ಲಿ ನೆರೆ ಏರಿ ಎರಡು ನದಿಗಳೂ ದೇವಸ್ಥಾನದ ಮುಂದೆ ಒಂದಾದರೆ ಊರಿನವರು ಅದನ್ನು ಸಂಗಮವೆಂದು ಕೈಮುಗಿದು ಪೂಜಿಸುತ್ತಾರೆ; ಕೆಂಪು ನೀರು ಮೆಟ್ಟಿಲು ಹತ್ತುವುದನ್ನು ನೋಡಲು ನಡುರಾತ್ರಿಯಲ್ಲೂ ಟಾರ್ಚು ಹಿಡಿದು ನಿಲ್ಲುತ್ತಾರೆ. ನಾನು ಅಲ್ಲಿಗೆ ಹೋದದ್ದು ಒಂದು ಏಪ್ರಿಲ್‌ನಲ್ಲಿ. ಸೇತುವೆಯ ಕಂಬದ ಮೇಲೆ ನೆರೆಯ ಮಟ್ಟ ಅಳೆಯಲು ಬರೆದ ಅಂಕೆಗಳಿದ್ದವು. ಎಲ್ಲಕ್ಕಿಂತ ಕೆಳಗಿನ ಅಂಕೆಯೂ ನೀರಿನಿಂದ ಆಳೆತ್ತರ ಮೇಲಿತ್ತು. ಅದರ ಬುಡದ ಮರಳಿನಲ್ಲಿ ಇಬ್ಬರು ಹುಡುಗರು ಮೂರು ಕೋಲು ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಹೊಳೆಗೆ ಬಿತ್ತು. ಹೊಡೆದವನು ಚಡ್ಡಿ ಮೇಲೆತ್ತಿಕೊಳ್ಳುವ ಗೋಜಿಗೂ ಹೋಗದೆ ನಾಲ್ಕು ಹೆಜ್ಜೆ ನಡೆದು ಅದನ್ನು ಎತ್ತಿಕೊಂಡು ಬಂದ.