ಆ ಹುಡುಗ ಸುಮ್ನೆ ಕೂತಿಲ್ಲ ರೀ

ಹೋದ ವಾರ ನಮ್ಮ ಟ್ರಸ್ಟ್ ಕಮಿಟಿಯ ಹಿರಿಯರೊಬ್ಬರು ಪೂಲ್ ಕಡೆ ಬಂದಿದ್ದರು. ಸಂಜೆ ಬ್ಯಾಚ್ ನಡೆದಿತ್ತು. ಎತ್ತರದ ಕುರ್ಚಿ ಮೇಲೆ ನಮ್ಮ ಲೈಫ್‌ಗಾರ್ಡ್ ಹುಡುಗ ಕೊರಳಿಗೆ ಸೀಟಿ ಹಾಕಿಕೊಂಡು ಕೂತಿದ್ದ. ಹಿರಿಯರು ಐದು ನಿಮಿಷ ಅವನನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇಂವ ಏನೂ ಮಾಡಾಕತ್ತಿಲ್ಲಲ್ರೀ, ಸುಮ್ನ ಕುಂತಾನ. ಇವಂಗ್ಯಾಕ ಪಗಾರ?" ಅಂದರು.

ಅವತ್ತು ನಕ್ಕು ಸುಮ್ಮನಾದೆ. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಜಾರಾದರೆ ಮುಂದೆ ಹೋಗಿ.

ಗೊತ್ತಿಲ್ಲದವರಿಗೆ ಒಂದು ಮಾತು. ಬಾಗಲಕೋಟೆ ನವನಗರದಲ್ಲಿ ಮಠದ ಟ್ರಸ್ಟ್ ನಡೆಸುವ ಸಮುದಾಯ ಭವನ ಒಂದರಲ್ಲಿ ಈಜುಕೊಳ ಇದೆ. ಅಲ್ಲಿ ಈಜು ಕಲಿಸುವ ಟ್ರೇನರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾರು ಯಾವ ಬ್ಯಾಚ್, ಯಾರು ಯಾವಾಗ ರಜೆ, ಯಾರು ಮಕ್ಕಳ ಮೇಲೆ ಕೂಗಾಡಿದರು, ಬೆಳಿಗ್ಗೆ ನೀರಿಗೆ ಕ್ಲೋರಿನ್ ಸರಿಯಾಗಿ ಬಿದ್ದಿದೆಯಾ, ತಲೆಗೆ ಎಣ್ಣೆ ಮೆತ್ತಿಕೊಂಡು ಬಂದ ಹುಡುಗರನ್ನು ಸ್ನಾನ ಮಾಡಿಸದೇ ಒಳಗೆ ಬಿಟ್ಟವರು ಯಾರು, ಇಂಥವೇ. (ಪೂಲ್ ಹತ್ತಿರ ಮೂಗಿಗೆ ಬಡಿಯುವ ವಾಸನೆ ಬಂದರೆ ಔಷಧಿ ಜಾಸ್ತಿ ಆಗಿದೆ ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲ. ಬೆವರು, ಉಚ್ಚೆ ಎಲ್ಲ ಕ್ಲೋರಿನ್ ಜೊತೆ ಸೇರಿದಾಗ ಬರುವ ವಾಸನೆ ಅದು.)

ನಮ್ಮೂರಿನವರಿಗೆ ನೀರು ಹೊಸದಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಮನೆ ಹೋದವು, ಆ ಜನ ಎದ್ದು ಬಂದಿದ್ದಕ್ಕೇ ಈ ನವನಗರ, ಈ ಸೆಕ್ಟರ್ ನಂಬರ್‌ಗಳು ಹುಟ್ಟಿದ್ದು. ಡ್ಯಾಮ್ ಪೂರ್ತಿ, ಅಂದರೆ ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ, ತುಂಬಿದಾಗ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಇಲ್ಲಿನ ಚಿಕ್ಕ ಹುಡುಗರಿಗೂ ಗೊತ್ತು. ಆದರೆ ಈಜು? ಹಿಂದಿನವರು ಹೊಳೆಯಲ್ಲಿ, ಬಾವಿಯಲ್ಲಿ ಕಲಿತರು. ಈಗಿನ ಮಕ್ಕಳಿಗೆ ಹೊಳೆಯೂ ಇಲ್ಲ, ಬಾವಿಯೂ ಇಲ್ಲ, ರಜೆಯಲ್ಲಿ ಗೆಳೆಯರ ಜೊತೆ ಹಿನ್ನೀರಿಗೆ ಇಳಿಯುವ ಧೈರ್ಯ ಮಾತ್ರ ಇದೆ.

ನನಗೆ ಈಸು ಕಲಿಸಿದ್ದು ನಮ್ಮಪ್ಪ, ಹೊಲದ ಬಾವಿಯಲ್ಲಿ. ಬೆನ್ನಿಗೆ ಒಣ ಸೋರೆಬುರುಡೆ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಅಪ್ಪನ ಕೈಯಲ್ಲಿ. ಆ ಹೊತ್ತಿನಲ್ಲಿ ಪಕ್ಕದ ಹೊಲದವರು ಬಂದು ಮಾತಾಡಿಸಿದರೂ ಅಪ್ಪ ತಿರುಗಿ ನೋಡುತ್ತಿರಲಿಲ್ಲ. "ಹೂಂ" ಅನ್ನುತ್ತಿದ್ದರು ಅಷ್ಟೇ, ಕಣ್ಣು ನನ್ನ ಮೇಲೆ. ಬೀಡಿ ಕೂಡ ಹಚ್ಚುತ್ತಿರಲಿಲ್ಲ. ಈಗ ಕುರ್ಚಿ ಮೇಲೆ ಕೂತಿರುವ ಆ ಹುಡುಗ ಮಾಡುತ್ತಿರುವುದು ಅದೇ ಕೆಲಸ, ಕೈಯಲ್ಲಿ ಹಗ್ಗ ಇಲ್ಲ ಅಷ್ಟೇ.

ಎರಡು ವರ್ಷದ ಹಿಂದೆ ನಮ್ಮಲ್ಲಿ ಆ ಕುರ್ಚಿ ಇರಲಿಲ್ಲ. ಮೇ ತಿಂಗಳು, ಬಿಸಿಲು 40 ದಾಟಿತ್ತು, ಬ್ಯಾಚ್ ತುಂಬಿ ತುಳುಕುತ್ತಿತ್ತು. ಮೂರೂವರೆ ಅಡಿ ನೀರಿನ ಕಡೆ ಹನ್ನೆರಡು ಮಕ್ಕಳಿಗೆ ಒಬ್ಬ ಟ್ರೇನರ್. ಒಳ್ಳೆಯ ಹುಡುಗ, ಜಿಲ್ಲಾ ಮಟ್ಟದಲ್ಲಿ ಮೆಡಲ್ ತಗೊಂಡವನು. ಅವನು ಒಂದು ಮಗುವಿನ ಹೊಟ್ಟೆ ಕೆಳಗೆ ಕೈ ಕೊಟ್ಟು ಕಾಲು ಬಡಿಯುವುದನ್ನು ತಿದ್ದುತ್ತಿದ್ದ. ಬೆನ್ನು ಉಳಿದ ಹನ್ನೊಂದು ಮಕ್ಕಳ ಕಡೆ. ನಾನು ಟೇಬಲ್ ಹತ್ತಿರ ಹಾಜರಿ ಬರೆಯುತ್ತಿದ್ದೆ. ಸುಮ್ನೆ ತಲೆ ಎತ್ತಿದೆ.

ಎಂಟು ವರ್ಷದ ಒಬ್ಬ ಹುಡುಗ. ಕೂಗಲಿಲ್ಲ, ಕೈ ಬೀಸಲಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿತ್ತು, ತಲೆ ಹಿಂದಕ್ಕೆ ವಾಲಿತ್ತು, ಕಣ್ಣು ಎಲ್ಲೋ ಇತ್ತು. ಎರಡೂ ಕೈಯಿಂದ ನೀರನ್ನು ಕೆಳಗೆ ಒತ್ತುತ್ತಿದ್ದ, ಕಾಣದ ಏಣಿ ಹತ್ತುತ್ತಿದ್ದವನ ಹಾಗೆ. ಪಕ್ಕದಲ್ಲೇ ಇದ್ದ ಅವನ ಗೆಳೆಯ ನಗುತ್ತಿದ್ದ, ಆಟ ಆಡುತ್ತಿದ್ದಾನೆ ಅಂದುಕೊಂಡು. ಚಪ್ಪಲಿ ಹಾಕಿಕೊಂಡೇ ಹಾರಿದೆ.

ಹುಡುಗ ಕೆಮ್ಮಿದ, ವಾಂತಿ ಮಾಡಿದ, ಅತ್ತ. ಆ ಅಳುವಿನಷ್ಟು ಒಳ್ಳೆಯ ಸದ್ದು ನಾನು ಕೇಳಿಲ್ಲ. ದಂಡೆಯಲ್ಲಿದ್ದ ಒಬ್ಬರು ಓಡಿ ಬಂದು "ಹೊಟ್ಟಿ ಒತ್ರೀ, ತಲಿ ಕೆಳಗ ಮಾಡಿ ನೀರು ತಗೀರೀ" ಅಂತ ಅವನ ಕಾಲು ಹಿಡಿದಿದ್ದರು, ಅವರನ್ನು ಬಿಡಿಸುವುದೇ ಒಂದು ಕೆಲಸ ಆಯಿತು. ದಯವಿಟ್ಟು ಹಾಗೆ ಮಾಡಬೇಡಿ. ಹೊಟ್ಟೆ ಒತ್ತಿದರೆ ಒಳಗಿದ್ದದ್ದು ಬಾಯಿಗೆ ಬಂದು ಶ್ವಾಸಕ್ಕೆ ಹೋಗುತ್ತದೆ. ಉಸಿರು ನಿಂತಿದ್ದರೆ ಮೊದಲು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತಬೇಕು. ಇವನಿಗೆ ಅದೆಲ್ಲ ಬೇಕಾಗಲಿಲ್ಲ, ಆದರೂ ಆಸ್ಪತ್ರೆಗೆ ಒಯ್ದೆವು, ಒಂದು ದಿನ ಇಟ್ಟುಕೊಂಡು ಕಳಿಸಿದರು.

ಮುಳುಗುವವರು "ಕಾಪಾಡಿ" ಅಂತ ಕೂಗುವುದು ಸಿನಿಮಾದಲ್ಲಿ. ಉಸಿರಿಗೇ ಗಾಳಿ ಇಲ್ಲದಾಗ ಕೂಗಲು ಎಲ್ಲಿಂದ ತರಬೇಕು? ಆ ಒದ್ದಾಟವೂ 20ರಿಂದ 60 ಸೆಕೆಂಡ್ ಅಷ್ಟೇ, ಆಮೇಲೆ ಒಳಗೆ ಹೋಗಿಬಿಡುತ್ತಾರೆ. ಒಂದು ವಾಟ್ಸಾಪ್ ಮೆಸೇಜ್ ಓದಿ ಉತ್ತರ ಕೊಡುವಷ್ಟು ಹೊತ್ತು.

ಮರುದಿನ ಎಲ್ಲರೂ ಆ ಟ್ರೇನರ್‌ನನ್ನು ತೆಗೆದುಹಾಕಿ ಅಂದರು. ನಾನು ಒಪ್ಪಲಿಲ್ಲ. ಕಲಿಸು ಅಂತಲೂ ಹೇಳಿ, ಕಾಯಿ ಅಂತಲೂ ಹೇಳಿದ್ದು ನಾನು. ಒಂದು ಮಗುವಿನ ಕಾಲು ತಿದ್ದುವವನು ಹನ್ನೊಂದು ಮಕ್ಕಳ ತಲೆ ಎಣಿಸಲು ಆಗುತ್ತದಾ? ತಪ್ಪು ನನ್ನದು. ಆಗ ಕುರ್ಚಿ ಬಂತು. ಕೂತವರ ಕೈಯಲ್ಲಿ ಫೋನ್ ಇರಬಾರದು, ಕಲಿಸಬಾರದು, ಪಾಲಕರ ಜೊತೆ ಮಾತು ಬೇಡ. 10 ಸೆಕೆಂಡಿನಲ್ಲಿ ಇಡೀ ಕೊಳ ಒಮ್ಮೆ ಕಣ್ಣಾಡಿಸಬೇಕು, ಏನಾದರೂ ಕಂಡರೆ 20 ಸೆಕೆಂಡಿನಲ್ಲಿ ಅಲ್ಲಿ ಇರಬೇಕು. ಅರ್ಧ ಗಂಟೆಗೆ ಆಳು ಬದಲು, ಯಾಕೆಂದರೆ ಹೊಳೆಯುವ ನೀರನ್ನೇ ನೋಡುತ್ತಾ ಕೂತರೆ ಎಂಥವರಿಗೂ ಕಣ್ಣು ಮಂಕಾಗುತ್ತದೆ. ನಂಬದಿದ್ದರೆ ಒಂದು ಸಂಜೆ ಬಂದು ಕೂತು ನೋಡಿ.

ಟ್ರೇನರ್‌ಗಳ ವಿಷಯಕ್ಕೆ ಬಂದರೆ, ಚೆನ್ನಾಗಿ ಈಜುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ಹೊಳೆದಂಡೆಯ ಊರಿನ ಒಬ್ಬ ಇದ್ದಾನೆ, ಮೀನಿನ ಹಾಗೆ ಈಜುತ್ತಾನೆ, ಆದರೆ ಹೆದರಿದ ಮಗುವಿಗೆ "ಯಾಕಲೇ ಅಂಜತಿ, ಬೀಳು" ಅನ್ನುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಹೆಣ್ಣುಮಕ್ಕಳ ಬ್ಯಾಚಿಗೆ ಬರುವ ಅಕ್ಕಾರು ಈಜು ಕಲಿತಿದ್ದೇ ಮೂವತ್ತು ದಾಟಿದ ಮೇಲೆ. ಅವರು ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿ, "ಬಿಸಿ ಚಹಾ ಊದಿದಂಗ ನೀರಾಗ ಊದವ್ವಾ" ಅನ್ನುತ್ತಾರೆ. ಗುಳುಗುಳು ಅಂತ ಗುಳ್ಳೆ ಬರುತ್ತವೆ, ಮಗು ನಗುತ್ತದೆ, ಮುಖ ನೀರಿಗೆ ಹೋಗಿದ್ದು ಅದಕ್ಕೇ ಗೊತ್ತಿರುವುದಿಲ್ಲ.

ಮಠದ ಜಾಗ ಅಂದಮೇಲೆ ಬೇರೆ ಕಡೆ ಇಲ್ಲದ ಪ್ರಶ್ನೆಗಳೂ ಬರುತ್ತವೆ. ಒಮ್ಮೆ ಹೊಸ ಟ್ರೇನರ್ ಒಬ್ಬ ಹುಡುಗನಿಗೆ ಕೊರಳಿನ ಶಿವದಾರ ತೆಗೆದಿಟ್ಟು ಬಾ ಅಂದುಬಿಟ್ಟ. ಹುಡುಗನಿಗೆ ದೀಕ್ಷೆ ಆಗಿದೆ, ಆ ದಾರಕ್ಕೆ ಕಟ್ಟಿದ ಕರಡಿಗೆಯಲ್ಲಿ (ಪುಟ್ಟ ಡಬ್ಬಿಯಲ್ಲಿ) ಲಿಂಗ ಇದೆ. ದಂಡೆಯಲ್ಲಿದ್ದ ಆಯಿ (ಅಜ್ಜಿ) ಎದ್ದು ನಿಂತರು. "ಮಠದಾಗ ನಿಂತು ಲಿಂಗ ತಗಿ ಅಂತೀ ಏನೋ ತಮ್ಮಾ?" ಟ್ರೇನರ್ ಮುಖ ಬೆಳ್ಳಗಾಯಿತು. ಅವನು ಹೇಳಿದ್ದರಲ್ಲೂ ನ್ಯಾಯ ಇತ್ತು, ಉದ್ದ ದಾರ ಏಣಿಯ ಹಿಡಿಕೆಗೆ ಸಿಕ್ಕಿಕೊಂಡರೆ ಕೊರಳಿಗೇ ಬಿಗಿಯುತ್ತದೆ. ಅಜ್ಜಾರ ಹತ್ತಿರ ಹೋದೆ. (ನಮ್ಮ ಕಡೆ ಸ್ವಾಮಿಗಳಿಗೆ ಅಜ್ಜಾರು ಅನ್ನುತ್ತೇವೆ.) "ಲಿಂಗ ಮೈಮ್ಯಾಲ ಇರಬೇಕು, ಕೊರಳಾಗ ಇರಬೇಕಂತೇನಿಲ್ಲ. ಅರಿವಿಯೊಳಗ ಸುತ್ತಿ ತೋಳಿಗೆ ಬಿಗಿಯಾಗಿ ಕಟ್ರಿ" ಅಂದರು. ಮುಗೀತು. ಮರುದಿನ ಆಯಿಯೇ ಪಟ್ಟಿ ಹೊಲಿದುಕೊಂಡು ಬಂದಿದ್ದರು. ಬುರ್ಖಾ ಹಾಕಿದ ತಾಯಿಯೊಬ್ಬರು ಗೇಟಿನ ಹತ್ತಿರ "ನಮ್ಮ ಹುಡುಗ್ರೂ ಬರಬೌದೇನ್ರೀ?" ಅಂತ ಕೇಳಿದಾಗಲೂ ಅಜ್ಜಾರು ಅಷ್ಟೇ ಸಲೀಸಾಗಿ ಹೂಂ ಅಂದಿದ್ದರು.

ನನಗೆ ಕಷ್ಟ ಆಗುವುದು ಇನ್ನೊಂದು ಮಾತಿನಿಂದ. ಸೇವೆ. ಪಗಾರದ ಮಾತು ಎತ್ತಿದ ಕೂಡಲೇ ಕಮಿಟಿಯಲ್ಲಿ ಯಾರಾದರೊಬ್ಬರು "ಇದು ಮಠದ ಸೇವಾ ಅಲ್ಲೇನ್ರೀ" ಅನ್ನುತ್ತಾರೆ. ದಾಸೋಹದಲ್ಲಿ ಸಾರು ಬಡಿಸುವುದು ಸೇವೆ, ನಾನೂ ಮಾಡುತ್ತೇನೆ. ಸೌಟು ಜಾರಿದರೆ ಸಾರು ಚೆಲ್ಲುತ್ತದೆ, ಒರೆಸಬಹುದು. ಬೆಳಿಗ್ಗೆ ಐದಕ್ಕೆ ಎದ್ದು ಇಲ್ಲಿ ಎರಡು ಬ್ಯಾಚ್ ಮುಗಿಸಿ, ಪಗಾರ ಸಾಲದೆ ಮಧ್ಯಾಹ್ನ ಅಂಗಡಿಯಲ್ಲಿ ದುಡಿದು, ಸಂಜೆ ಮತ್ತೆ ನೀರಿನ ಮುಂದೆ ಕೂತ ಹುಡುಗನ ಕಣ್ಣು ಎಷ್ಟು ಹೊತ್ತು ತೆರೆದಿರುತ್ತದೆ ಹೇಳಿ? ಅವನ ಭಕ್ತಿಯಲ್ಲಿ ಕೊರತೆ ಇಲ್ಲ, ನಿದ್ದೆಯಲ್ಲಿ ಇದೆ.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಕೊಳಕ್ಕೆ ಟೈಲ್ಸ್ ಹಾಕಿಸಲು ಮನೆಮನೆ ತಿರುಗಿ ಪಟ್ಟಿ ಎತ್ತಿದವರು ಅವರೇ. ಟೈಲ್ಸ್ ಕಣ್ಣಿಗೆ ಕಾಣುತ್ತದೆ, ಆಗದೇ ಉಳಿದ ಅನಾಹುತ ಯಾರ ಕಣ್ಣಿಗೂ ಕಾಣುವುದಿಲ್ಲ, ಅದರ ಮೇಲೆ ದಾನಿಗಳ ಹೆಸರೂ ಕೆತ್ತಿಸಲು ಬರುವುದಿಲ್ಲ.

ಸೋಮವಾರ ಸಭೆ ಇದೆ. ಕುರ್ಚಿಗೆ ಇನ್ನೂ ಇಬ್ಬರು ಬೇಕು, ಒಬ್ಬರು ಹೆಣ್ಣುಮಕ್ಕಳ ಬ್ಯಾಚಿಗೆ, ಪೂರ್ತಿ ಪಗಾರಕ್ಕೆ ಅಂತ ಬರೆದುಕೊಂಡು ಹೋಗುತ್ತಿದ್ದೇನೆ. ಅದು ಆಗುವವರೆಗೆ ಸಂಜೆ ಐದೂವರೆಯಿಂದ ಆರರವರೆಗೆ ಕುರ್ಚಿ ಮೇಲೆ ನಾನೇ ಇರುತ್ತೇನೆ. ಆ ಹೊತ್ತಿನಲ್ಲಿ ಫೋನ್ ಮಾಡಬೇಡಿ, ಎತ್ತುವುದಿಲ್ಲ.